ಅರ್ಧ ಗೇಣು ಎತ್ತರ

ಶಿವಪ್ಪ ಸುಳ್ಳುಗಾರನಲ್ಲ. ಜೀವಮಾನವಿಡೀ ಡ್ರೈವರ್ ಆಗಿದ್ದವನಿಗೆ ಮಾಫಿ ಇರುವಷ್ಟು ಸುಳ್ಳನ್ನೂ ಅವನು ಹೇಳಿದವನಲ್ಲ. ಆದರೆ ಎಪ್ಪತ್ತು ದಾಟಿದ ಮೇಲೆ, ಈ ಮಳೆಗಾಲದಲ್ಲಿ, ಅವನಿಗೆ ಅದರ ರುಚಿ ಹತ್ತಿತು.

ಕಾರಣ ಒಂದು ಹಳೆಯ ಪಿಕಪ್ ಗಾಡಿ. ಬೆಲ್ಲದ ವ್ಯಾಪಾರಿ ಪಂಢರಿನಾಥ ಸಾವಕಾರರದು. ದೌಂಡದ ಕಡೆಯ ಬೆಲ್ಲವನ್ನು ಅದರಲ್ಲಿ ಪುಣೆಗೆ ತಂದುಹಾಕುತ್ತಿದ್ದವನು ಶಿವಪ್ಪ. ಸಾವಕಾರರು ತೀರಿಕೊಂಡ ಮೇಲೆ ಗಾಡಿ ಗೋದಾಮಿನ ಹಿಂದೆ ನಿಂತೇ ಬಿಟ್ಟಿತು. ಅದರ ಕ್ಯಾಬಿನ್ನು ಈಗಿನವುಗಳ ಹಾಗೆ ಪೂರ್ತಿ ಕಬ್ಬಿಣದ್ದಲ್ಲ, ಒಳಗೆ ಕಟ್ಟಿಗೆಯ ಚೌಕಟ್ಟು, ಮೇಲೆ ತಗಡು. ಗೆದ್ದಲಿಗೆ ಇನ್ನೇನು ಬೇಕು? ಸಾವಕಾರರ ಮೊಮ್ಮಗ ಮಂದಾರ ಬಾಗಿಲು ಎಳೆದ ದಿನ ಬಾಗಿಲು ಕೈಗೇ ಬಂತು, ಅದರ ಹಿಂದೆಯೇ ಒಂದು ಬುಟ್ಟಿ ಮಣ್ಣು ಸುರಿಯಿತು. ಉಳಿದದ್ದು ಚಾಸಿ, ಎಂಜಿನ್ನು ಮತ್ತು ಹೊರಗಿನಿಂದ ತೆಗೆದ ಒಂದೇ ಒಂದು ಫೋಟೋ.

ಮಂದಾರ ಸೋಲಾಪುರ ರಸ್ತೆಯಲ್ಲಿ ಹೋಟೆಲ್ಲು ಕಟ್ಟಿಸುತ್ತಿದ್ದ. ಅಜ್ಜನ ಗಾಡಿಯನ್ನು ಮೊದಲಿದ್ದ ಹಾಗೇ ಮಾಡಿಸಿ ಅದರ ಅಂಗಳದಲ್ಲಿ ಶಾಶ್ವತವಾಗಿ ನಿಲ್ಲಿಸುವ ಹುಕಿ ಅವನಿಗೆ ಬಂತು. ಹಡಪಸರದ ಒಂದು ಶೆಡ್ಡಿಗೆ ಗಾಡಿ ಎಳೆಸಿದ, ಗೋಕಾಕ ಕಡೆಯ ಬಡಗಿ ಕಾಡಪ್ಪನನ್ನು ಗೊತ್ತುಮಾಡಿದ, ಆಮೇಲೆ ಯೆರವಡಾದಲ್ಲಿ ಮಗನ ಮನೆಯಲ್ಲಿದ್ದ ಶಿವಪ್ಪನನ್ನು ಕರೆತಂದ.

"ಒಳಗ ಹೆಂಗಿತ್ತು ಅನ್ನೋದು ನಿಮಗೊಬ್ಬರಿಗೇ ಗೊತ್ತು, ಕಾಕಾ. ನೀವು 'ಇದ್ದಂಗ ಅದ' ಅನ್ನೂತನಾ ಕೆಲಸ ಮುಗಿಯಂಗಿಲ್ಲ. ಮುಗಿದ ದಿನ ಮೊದಲ ಸ್ಟೇರಿಂಗ್ ನಿಮ್ದ. ಹೋಟೆಲ್ಲಿನ ದಾರ್ಯಾಗ ಕೆನಾಲ್ ಬ್ರಿಜ್ಜಿನ ತನಕ ನೀವ ಹೊಡೀಬೇಕು."

ಶಿವಪ್ಪ ಕೂಡಲೇ ಒಪ್ಪಿದ. ಮಗನ ಮನೆಯಲ್ಲಿ ತುಂಬಾ ಜನ. ಅಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿದರೆ ಅದು ಚಹಾ ಕುಡಿದಿರಾ ಎಂಬುದಷ್ಟೇ. ಇಲ್ಲಿ ಅವನಿಗೊಂದು ಸ್ಟೂಲು, ಸ್ಟೂಲಿನ ಮೇಲೆ ಹೆಂಡತಿ ಕಾಶವ್ವ ಮಡಿಚಿಕೊಟ್ಟ ಕೌದಿ. ಕಾಡಪ್ಪ ಸಾಗವಾನಿ ಹಲಗೆ ಹಿಡಿದು ಎದುರು ನಿಂತು, "ಕಾಕಾ, ಇಷ್ಟ ಬಾಗಿತ್ತೇನ್ರಿ?" ಎನ್ನುತ್ತಿದ್ದ. ಹಾಗೆ ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು!

ಮೊದಮೊದಲು ಶಿವಪ್ಪ ನಿಜವನ್ನೇ ಹೇಳಿದ. ಆದರೆ ಕಾಡಪ್ಪನ ಕೈ ಬಲು ಚುರುಕು. ನಾಗರಪಂಚಮಿಯ ಹೊತ್ತಿಗೆ ಕಂಬಗಳು ನಿಂತು ಮೇಲಿನ ಕಮಾನುಗಳೂ ಕೂತವು. ಹೀಗೇ ಹೋದರೆ ಶ್ರಾವಣದೊಳಗೆ ಗಾಡಿ ತಯಾರು. ಅದರ ಮರುದಿನದಿಂದ ಶಿವಪ್ಪನನ್ನು ಕೇಳುವವರು ಯಾರು? ಅವನ ಬಾಯಿಂದ ಮಾತು ತಾನೇ ತಾನಾಗಿ ಬಿತ್ತು.

"ಕಮಾನು ಇನ್ನೂ ಬಾಗಿತ್ತಪಾ."

ಕಾಡಪ್ಪ ಎಲ್ಲ ಬಿಚ್ಚಿದ. ಮುಂದಿನ ವಾರ ಬಾಗಿಲು ಕಿರಿದಾಯಿತು, ಅದರ ಮುಂದಿನ ವಾರ ಅದೇ ಬಾಗಿಲು ಅಗಲವಾಯಿತು. ಬಣ್ಣ ಹೊಡೆಯಲು ಕಾಯುತ್ತಿದ್ದ ಮರಾಠಿ ಪೇಂಟರ್ ಇವನ ಮುಖ ಕಂಡೊಡನೆ, "ಕಾಯ್ ಕಾಕಾ, ಆಜ್ ಕಾಯ್ ಚುಕಲಂ?" ಎಂದು ಕಿಚಾಯಿಸುವನು. ಇವತ್ತೇನು ತಪ್ಪಿತು ಎಂದು. ಶಿವಪ್ಪ ಗಂಭೀರವಾಗಿ ಗಾಡಿಗೆ ಒಂದು ಸುತ್ತು ಬಂದು ಏನಾದರೊಂದು ತಪ್ಪು ಹುಡುಕಿಯೇ ಕೂರುವನು. ಕಾಡಪ್ಪ ಎದುರಾಡುತ್ತಿರಲಿಲ್ಲ. ಉಳಿ ತಾಗಿ ಗಾಯವಾದ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಕೆತ್ತುತ್ತಿದ್ದ. ಅದನ್ನು ಕಂಡಾಗ ಶಿವಪ್ಪ ಮುಖ ಅತ್ತ ತಿರುಗಿಸುತ್ತಿದ್ದ. ಹಾಗಂತ ಬಿಟ್ಟನೇ? ಎಲ್ಲಿಯ ಮಾತು!

ಕೊನೆಯ ಸುಳ್ಳು ಸೀಟಿನದು. ಅಡಿಯಲ್ಲಿ ಕಟ್ಟಿಗೆಯ ಪೆಟ್ಟಿಗೆ, ಮೇಲೆ ಇಬ್ಬರಿಗೂ ಸೇರಿ ಒಂದೇ ಗಾದಿ. ಎಲ್ಲ ಸರಿಯಾಗಿಯೇ ಕೂತಿತ್ತು.

"ಇದು ಇನ್ನೂ ಅರ್ಧ ಗೇಣು ಎತ್ತರ ಇತ್ತರಿ," ಎಂದ ಶಿವಪ್ಪ. "ಸಾವಕಾರ್ರಿಗೆ ರಸ್ತಾ ಚಂದಂಗ ಕಾಣಬೇಕಲ್ಲ?"

ಮಂದಾರ ಹಣೆ ಒತ್ತಿಕೊಂಡ. "ಒಮ್ಮೆ ಹತ್ತಿ ಕೂತು ನೋಡಿ ಹೇಳ್ರಿ, ಕಾಕಾ."

"ಪೂಜಾ ಆಗೂತನಾ ಡ್ರೈವರ್ ಹತ್ತಬಾರದ್ರಿ, ಸಣ್ಣ ಸಾವಕಾರ್ರ. ಗಾಡಿಗೆ ಚಲೋದಲ್ಲ."

ಇದು ಮಾತ್ರ ಸುಳ್ಳಲ್ಲ, ಅವನು ಎಂದೂ ಮುರಿಯದ ನೇಮ. ಕಾಡಪ್ಪ ಸೀಟಿನ ಪೆಟ್ಟಿಗೆ ಒಡೆದು ಎತ್ತರದ್ದನ್ನು ಮಾಡಿದ.

ಖಂಡೇನವಮಿಯ ದಿನ, ಆಯುಧಪೂಜೆಯಂದೇ, ಹೋಟೆಲ್ಲಿನ ಆರಂಭ. ಇನ್ನು ತಪ್ಪು ಹುಡುಕಲು ದಿನವೇ ಉಳಿದಿರಲಿಲ್ಲ. ಬೆಳಿಗ್ಗೆ ಶೆಡ್ಡಿನಲ್ಲಿ ಕಾಡಪ್ಪ ಉಳಿ, ಕೊಡತಿ, ಗರಗಸ, ಪಾನಾಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ. ಗಾಡಿಗೆ ಚೆಂಡುಹೂವಿನ ಮಾಲೆ ಬಿತ್ತು, ಗಾಲಿಗೆ ನಿಂಬೆಹಣ್ಣು, ಮುಂದೆ ತೆಂಗಿನಕಾಯಿ. ಕಾಶವ್ವ ಆರತಿ ಎತ್ತಿದಳು. ಇಸ್ತ್ರಿಯ ಅಂಗಿ ತೊಟ್ಟ ಗಂಡನನ್ನು ನೋಡಿ, "ಮದುವಿಗೂ ಹಿಂಗ ತಯಾರಾಗಿರಲಿಲ್ಲ," ಎಂದಳು.

ಮಂದಾರ ಬಾಗಿಲು ತೆರೆದು ಹಿಡಿದ. ಶಿವಪ್ಪ ಗಾಡಿಗೆ ಕೈಮುಗಿದು ಹತ್ತಿ ಕೂತ. ಸ್ಟೇರಿಂಗ್ ಹಿಡಿದ ಕೂಡಲೇ ಕಣ್ಣು ತುಂಬಿ ಬಂತು. ಎಡಗಾಲು ಚಾಚಿದ.

ಕ್ಲಚ್ಚು ಸಿಗಲಿಲ್ಲ.

ಮೊದಲೇ ಕುಳ್ಳ ಆಳು. ಸೀಟಿನ ತುದಿಗೆ ಜಾರಿ ಕೂತ. ಹೆಬ್ಬೆರಳು ತಾಗಿತು. ಆ ಹಳೆಯ ಕ್ಲಚ್ಚು ಹೆಬ್ಬೆರಳಿಗೆ ಬಗ್ಗುವಂಥದ್ದೇ? ಇನ್ನೂ ಜಾರಿದರೆ ಸ್ಟೇರಿಂಗು ಎದೆಗೆ ಒತ್ತುತ್ತಿತ್ತು. ಈ ಅರ್ಧ ಗೇಣು ಯಾರದೆಂದು ಅವನಿಗೆ ಗೊತ್ತಿತ್ತು.

"ಸೀಟು ಎತ್ತರ ಆಗ್ಯದರಿ," ಎಂದ ಸಣ್ಣ ದನಿಯಲ್ಲಿ. "ಮೊದಲ ಹಿಂಗ ಇರಲಿಲ್ಲ."

ಪೇಂಟರ್ ಕಿಸಕ್ಕನೆ ನಕ್ಕ. ಮಂದಾರನಿಗೆ ಮಾತ್ರ ನಗು ಬರಲಿಲ್ಲ. "ಕಾಕಾ, ಇವತ್ತೂ ಒಂದು ತಪ್ಪು ಬೇಕೇನ್ರಿ? ನೀವ ಹೇಳಿ ಎತ್ತರ ಮಾಡಿಸಿದ್ರಿ."

ಕಾಡಪ್ಪ ಹತ್ತಿರ ಬಂದು ಒಳಗೆ ಇಣುಕಿದ. "ಇಳಿಸಿ ಕೊಡ್ತಿದ್ದೆ ಕಾಕಾ. ಆದ್ರ ಹತ್ಯಾರ ಪೂಜಾಕ್ಕ ಕುಂತಾವ. ಇವತ್ತು ಮುಟ್ಟಂಗಿಲ್ಲ."

ಅವನ ಹೆಬ್ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು, ಬಟ್ಟೆಗೆ ಕುಂಕುಮ ಮೆತ್ತಿತ್ತು. 'ಸುಳ್ಳು ಹೇಳಿದ್ನೋ ತಮ್ಮಾ, ಸೀಟಿಂದೂ ಸುಳ್ಳು, ಕಮಾನಿಂದೂ ಸುಳ್ಳು' ಎಂಬ ಮಾತು ಶಿವಪ್ಪನ ನಾಲಗೆಯ ತನಕ ಬಂತು. ಆ ಬೆರಳು ನೋಡಿ ನುಂಗಿಕೊಂಡ.

"ಸೀಟಿಂದಲ್ರಿ, ವಯಸ್ಸಿಂದು," ಎಂದು ಮಂದಾರ ಅವನ ಹೆಗಲ ಮೇಲೆ ಕೈಯಿಟ್ಟ. "ಕಾಲಾಗ ಬಲ ಎಲ್ಲಿ ಉಳೀತದ? ಸರೀರಿ ಅತ್ಲಾಗ, ನಾ ಹೊಡೀತೀನಿ. ಮುಹೂರ್ತ ಮೀರ್ತದ."

ಶಿವಪ್ಪ ಎಡಗಡೆಗೆ ಸರಿದ. ಈ ಗಾಡಿಯಲ್ಲಿ ಅವನು ಆ ಕಡೆ ಒಮ್ಮೆಯೂ ಕೂತಿರಲಿಲ್ಲ. ಉದ್ದ ಕಾಲಿನ ಮಂದಾರನಿಗೆ ಸೀಟು ಅಳತೆ ಕೊಟ್ಟು ಮಾಡಿಸಿದಷ್ಟು ಸರಿಹೋಯಿತು. ಗಾಡಿ ಕೆಮ್ಮುತ್ತಾ ಶೆಡ್ಡಿನಿಂದ ಹೊರಬಿತ್ತು. ಮಂದಾರ ಗೇರು ಬದಲಿಸಿದಾಗಲೆಲ್ಲ ಶಿವಪ್ಪನ ಎಡಗಾಲು ಬರಿಯ ಹಲಗೆಯನ್ನು ಒತ್ತುತ್ತಿತ್ತು.

ಕೆನಾಲ್ ಬ್ರಿಜ್ಜು ಬಂತು. ಎತ್ತರದ ಸೀಟಿನಿಂದ ರಸ್ತೆ ಬಹಳ ದೂರದ ತನಕ ಕಾಣುತ್ತಿತ್ತು.

"ಈಗರೆ ಹೇಳ್ರಿ, ಕಾಕಾ," ಎಂದ ಮಂದಾರ. "ಹೆಂಗದ?"

ಶಿವಪ್ಪ ಕಮಾನು ನೋಡಿದ, ಬಾಗಿಲು ನೋಡಿದ.

"ಇದ್ದಂಗ ಅದರಿ," ಎಂದ.

ಮಂದಾರ ಖುಷಿಯಿಂದ ಹಾರ್ನ್ ಹೊಡೆದ.