ಎರಡು ಸುಳಿಯ ತಲೆ

ಬಸ್ಸು ಹತ್ತಿದಾಗಿನಿಂದ ಕ್ಷೌರಿಕನಿಗೂ ಪಕ್ಕದ ಸೀಟಿನ ಬಡಗಿಗೂ ಜಗಳ. ಬಡಗಿಯ ಅಂಗಿಯ ಮೇಲೆ ಎದುರು ಪಕ್ಷದ ಬಿಲ್ಲೆಯಿತ್ತು. ಅದನ್ನು ನೋಡಿಯೇ ಕ್ಷೌರಿಕನ ಪಿತ್ತ ನೆತ್ತಿಗೇರಿತ್ತು. ಚುನಾವಣೆ ಮುಗಿದು ಮೂರು ದಿನವಾದರೂ ಇಬ್ಬರೂ ಪ್ರಚಾರ ನಿಲ್ಲಿಸಿರಲಿಲ್ಲ. ಊರು ಕೊಳ್ಳೆ ಹೊಡೆದವರು ಯಾರೆಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಾಡಿದ ಮೇಲೆ ಇಬ್ಬರೂ ಒಪ್ಪಿದ್ದು ಒಂದೇ ಮಾತು: ದಿನವಿಡೀ ನಿಂತು ದುಡಿಯುವವನ ಮಂಡಿ ಯಾವ ಸರ್ಕಾರ ಬಂದರೂ ರಿಪೇರಿಯಾಗದು. ಅಲ್ಲಿಂದ ಮಾತು ಸ್ವಲ್ಪ ಮೆತ್ತಗಾಯಿತು. ಬಡಗಿ ತನ್ನ ಚೀಲದಿಂದ ನೋವಿನ ಮುಲಾಮು ತೆಗೆದು ಕೊಟ್ಟ.

ಸೇತುವೆ ದಾಟುತ್ತಿದ್ದಂತೆ ರಸ್ತೆಗೆ ಅಡ್ಡವಾಗಿ ಟೈರು ಉರಿಯುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿದ ಹತ್ತು ಹನ್ನೆರಡು ಜನ ಗಾಜು ಒಡೆದು ಒಳನುಗ್ಗಿದರು. ಕೂಗಿದ ಘೋಷಣೆ ಕ್ಷೌರಿಕನ ಪಕ್ಷದ್ದೇ. ನಮ್ಮವರೇ ಎಂದು ಅವನಿಗೆ ಹೋದ ಜೀವ ಬಂದಂತಾಯಿತು; ಆ ಸಮಾಧಾನಕ್ಕೆ ಆಮೇಲೆ ಎಷ್ಟು ನಾಚಿಕೊಂಡನೋ ಅವನಿಗೇ ಗೊತ್ತು. ಬಿಲ್ಲೆ ಕಂಡದ್ದೇ ತಡ, ಬಡಗಿಯನ್ನು ಕೊರಳಪಟ್ಟಿ ಹಿಡಿದೆಳೆದು ನೆಲಕ್ಕೆ ಕೆಡವಿದರು. ಒಬ್ಬ ಕಬ್ಬಿಣದ ಸಲಾಕೆಯಿಂದ ತಲೆಗೆ ಬಾರಿಸಿದ. ರಕ್ತ ಸೀಟಿನ ಕೆಳಗೆಲ್ಲ ಹರಿಯಿತು.

ಎರಡನೇ ಏಟು ಹಾಕಲು ಬಾಗಿದಾಗ ಆ ಸಲಾಕೆಯವನ ಟೋಪಿ ಕೆಳಗೆ ಬಿತ್ತು. ನೆತ್ತಿಯಲ್ಲಿ ಎರಡು ಸುಳಿ, ಎಡಗಿವಿಯ ಹಿಂದೆ ಹಳೆಯ ಗಾಯದ ಕಲೆ. ಹತ್ತು ವರ್ಷದಿಂದ ತಾನೇ ಕತ್ತರಿಯಾಡಿಸಿದ ತಲೆ, ತನ್ನದೇ ಬೀದಿಯ ಪಕ್ಷದ ಮುಖಂಡನದು. ಮುಖ ಮುಚ್ಚಿಕೊಂಡವನ ಗುರುತು ಹಿಡಿದೆನೆಂದು ಬಾಯಿಬಿಡುವ ಪೆದ್ದತನವನ್ನು ಕ್ಷೌರಿಕನಲ್ಲದೆ ಇನ್ಯಾರು ಮಾಡಿಯಾರು?

“ನೀನಾ? ಮೊನ್ನೆ ತಾನೆ ನನ್ನ ಕುರ್ಚೀಲಿ ಕೂತು ಕಟಿಂಗ್ ಮಾಡಿಸ್ಕೊಂಡೆಯಲ್ಲಪ್ಪ. ಬಿಟ್ಬಿಡು, ಸತ್ತೋಗ್ತಾನೆ.”

ಪರಿಚಯದ ದಾಕ್ಷಿಣ್ಯಕ್ಕಾದರೂ ಬಿಡುತ್ತಾನೆ ಎಂದುಕೊಂಡಿದ್ದ. ಆ ಮನುಷ್ಯ ಅವನತ್ತ ತಿರುಗಿದ. ಕ್ಷೌರಿಕನ ಬಲಗೈಯನ್ನು ಸೀಟಿನ ಕಂಬಿಗೆ ಒತ್ತಿಹಿಡಿಸಿ ಸಲಾಕೆ ಬೀಸಿದ. ಬೆರಳುಗಳ ಮೂಳೆ ಪುಡಿಯಾದ ಸದ್ದು ಕ್ಷೌರಿಕನಿಗೇ ಕೇಳಿಸಿತು. ಮುಂದಿನ ಏಟು ತಲೆಗೆ ಬೀಳುವುದಿತ್ತು. ಅಷ್ಟರಲ್ಲಿ ನೆಲದಲ್ಲಿದ್ದ ಬಡಗಿ ತಡವರಿಸಿಕೊಂಡು ಎದ್ದು ಕ್ಷೌರಿಕನ ಮೇಲೆ ಬೋರಲಾಗಿ ಬಿದ್ದ. ಭುಜದ ಮೂಳೆ ಮುರಿದರೂ ಪಕ್ಕಕ್ಕೆ ಸರಿಯಲಿಲ್ಲ.

ಪೊಲೀಸ್ ಜೀಪಿನ ಸೈರನ್ ಕೇಳಿ ಗುಂಪು ಚದುರಿತು. ಹೊಡೆದವರು ಯಾರೆಂದು ಅಧಿಕಾರಿ ಕೇಳಿದ. ಬಸ್ಸಿನವರೆಲ್ಲ ಕಿಟಕಿಯಾಚೆ ನೋಡಿದರು. ಬಡಗಿ ಕ್ಷೌರಿಕನ ಕಿವಿಯಲ್ಲಿ ಪಿಸುಗುಟ್ಟಿದ.

“ಹೇಳ್ಬೇಡಿ. ನಾಳೆ ಅವನ ಕಣ್ಮುಂದೆ ಬಾಳ್ಬೇಕಾದೋರು ನೀವು.”

ಕ್ಷೌರಿಕ ತನ್ನ ಕೈ ನೋಡಿಕೊಂಡ. ಬಡಗಿಯ ಒಡೆದ ತಲೆಯನ್ನೂ ನೋಡಿದ. ಹೆಸರು, ಬೀದಿ, ಮನೆ ನಂಬರು ಎಲ್ಲವನ್ನೂ ಹೇಳಿಬಿಟ್ಟ. ಹೇಳಿಯಾದ ಮೇಲೆ, ಅದೇ ಬೀದಿಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆಂಬುದು ನೆನಪಾಯಿತು. ಅವನ ಬೆರಳು ಆಡುವಂತಿರಲಿಲ್ಲ. ಬಡಗಿಯೇ ಒಂದು ಕೈಯಲ್ಲಿ ಫೋನು ಒತ್ತಿ ಅವನ ಕಿವಿಗೆ ಹಿಡಿದ. ಈಗಲೇ ಮನೆ ಬಿಟ್ಟು ಹೊರಡು ಎಂದ ಗಂಡನನ್ನು ಅವಳು ಎಲ್ಲಿಗೆ ಹೋಗಲಿ ಎಂದು ಕೇಳಿದಳು.

ಬಡಗಿ ಫೋನನ್ನು ತನ್ನ ಕಿವಿಗೆ ಒಯ್ದ.

“ಅಕ್ಕಾ, ನಮ್ಮ ಮನೆ ವಿಳಾಸ ಹೇಳ್ತೀನಿ, ಬರ್ಕೊಳ್ಳಿ. ಮನೇಲಿ ನನ್ನ ಹೆಂಡ್ತಿ ಇದ್ದಾಳೆ. ಬಾಗಿಲ ಮೇಲೆ ದೊಡ್ಡ ಬಾವುಟ ಇದೆ, ನಿಮ್ಮ ಪಕ್ಷದ್ದಲ್ಲ. ಅದನ್ನ ನೋಡಿ ವಾಪಸ್ ಹೋಗ್ಬೇಡಿ.”