ಛತ್ರದ ಮೂರನೆಯ ಹಾಸಿಗೆ

ಮಣಿಕಟ್ಟಿಗೆ ಬಿಸಿ, ಆಮೇಲೆ ಮೊಣಕೈಗೆ, ಇಸ್ತ್ರಿ ರೋಲರಿನ ಬಾಯಿಂದ ಹಾಸುಬಟ್ಟೆ ಹೊಸ ಕಾಗದದ ಹಾಗೆ ಗರಿಗರಿಯಾಗಿ ಹೊರಬರುತ್ತಿದೆ, ಇದು ಇನ್ನೂರ ಹನ್ನೊಂದೋ ಹನ್ನೆರಡೋ, ಎಣಿಕೆ ತಪ್ಪಿತು, ತಪ್ಪಲಿ, ಇವತ್ತು ಅವಳಿಗೆ ಬೇಕಾದ ಎಣಿಕೆ ಒಂದೇ, ಸಾವಿರ — ಎದುರಿಗೆ ನಿಂತ ರೇಡಿಯೋ ಎರಡು ಮೂಲೆ ಹಿಡಿದಳು, ಇವಳು ಎರಡು, ಎಳೆ, ಕೂಡಿಸು, ಇನ್ನೊಮ್ಮೆ ಕೂಡಿಸು, ಇಬ್ಬರೂ ಮುಂದೆ ಬಂದು ಬೆರಳಿಗೆ ಬೆರಳು ತಾಗಿಸಿ ಹಿಂದೆ ಸರಿಯಬೇಕು, ದಿನಕ್ಕೆ ಐನೂರು ಸಲ. ರೇಡಿಯೋ ಎಂಬ ಹೆಸರು ಅವಳಿಗೆ ಇಡೀ ಲಾಂಡ್ರಿ ಸೇರಿ ಇಟ್ಟಿದ್ದು, ಬೆಳಗ್ಗೆ ಎಂಟಕ್ಕೆ ಹಚ್ಚಿದರೆ ಸಂಜೆ ಐದಕ್ಕೇ ಆರುವುದು, ಏನೇ ಇವತ್ತು ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ, ಆ ನಿನ್ನ ಮೊಬೈಲ್ ಆಟದಲ್ಲಿ ಯಾರಾದ್ರೂ ಸತ್ರಾ, ಇಲ್ಲ ಕಣೇ, ಯಾರೂ ಸತ್ತಿಲ್ಲ, ಮಲಗಿದ್ದಾರೆ ಅಷ್ಟೆ, ಅಯ್ಯೋ ಪುಣ್ಯವಂತರು ಬಿಡು, ನಮಗೆ ಭಾನುವಾರಾನೂ ಆ ಭಾಗ್ಯ ಇಲ್ಲ. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಅಂದರೆ ಏನಾಗಬೇಕಿತ್ತೋ ಅದು ಹತ್ತು ನಿಮಿಷದ ಹಿಂದೆಯೇ ಆಗಿಹೋಗಿದೆ, ಮೊಬೈಲು ಲಾಕರಿನಲ್ಲಿದೆ, ಊಟದ ಬೆಲ್ಲು ಹನ್ನೆರಡೂವರೆಗೆ, ಇಪ್ಪತ್ತು ನಿಮಿಷ, ಇಪ್ಪತ್ತು ಹಾಸುಬಟ್ಟೆ, ಅವಳಿಗೇನೂ ಗಾಬರಿಯಿಲ್ಲ, ಅಕ್ಕ ಎದ್ದಿರುತ್ತಾಳೆ. ಎದ್ದೇ ಇರುತ್ತಾಳೆ. ಮೂಲೆ ಸರಿಯಾಗಿ ಹಿಡಿಯೇ, ನೋಡು, ಡೊಂಕಾಯ್ತು.

ಆ ಆಟದಲ್ಲಿ ಒಂದು ನಿಯಮವಿದೆ, ಆಡಿ ಮುಗಿಸಿ ಏಳುವ ಮುಂಚೆ ನಿಮ್ಮ ಪಾತ್ರವನ್ನು ಊರಿನ ಛತ್ರಕ್ಕೆ ನಡೆಸಿಕೊಂಡು ಹೋಗಿ ಮಲಗಿಸಬೇಕು, ಕಾಡಿನಲ್ಲೇ ಬಿಟ್ಟು ಎದ್ದರೆ ಮೈಮೇಲಿನ ಸಾಮಾನೆಲ್ಲ ಹೋಗುತ್ತದೆ, ಮಲಗಿದ ಪಾತ್ರ ನೀವು ಮತ್ತೆ ಬರುವವರೆಗೂ ಅಲ್ಲೇ ನಿದ್ದೆ ಮಾಡುತ್ತಿರುತ್ತದೆ, ಉಳಿದವರು ಮೆಟ್ಟಿಲು ಹತ್ತಿ ಹೋಗಿ ನೋಡಬಹುದು, ಎದೆ ಏರಿ ಇಳಿಯುವುದೂ ಕಾಣುತ್ತದೆ, ಯಾರು ಆಡುತ್ತಿದ್ದಾರೆ ಯಾರು ಇಲ್ಲ ಎಂದು ಹೇಳುವ ಪಟ್ಟಿಗಿಟ್ಟಿ ಈ ಆಟದಲ್ಲಿಲ್ಲ, ಹಾಸಿಗೆ ನೋಡಿಯೇ ತಿಳಿಯಬೇಕು. ಎದ್ದು ಹೋದವರ ಹೊದಿಕೆ ಒದ್ದು ಬಿಸಾಡಿದ ಹಾಗೆ ಬಿದ್ದಿರುತ್ತದೆ. ಅದನ್ನು ಮಡಚಲು ಒಂದು ಬಟನ್ ಇದೆ, ಒತ್ತಿದರೆ ನಾಣ್ಯ ಇಲ್ಲ, ಅಂಕ ಇಲ್ಲ, ಅದಕ್ಕೇ ಯಾರೂ ಒತ್ತುವುದಿಲ್ಲ, ಇವಳೊಬ್ಬಳು ಒತ್ತುತ್ತಾಳೆ, ಕೈ ಸುಮ್ಮನಿರುವುದಿಲ್ಲ. ಸಾವಿರ ದಿನವಾದರೂ ಆ ಪಾತ್ರದವರೇ ಒಳಬಂದು ಎಬ್ಬಿಸದಿದ್ದರೆ, ಸಾವಿರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಆಟವೇ ಹಾಸಿಗೆ ತೆರವು ಮಾಡುತ್ತದೆ, ಪಾತ್ರ ಅಳಿದುಹೋಗುತ್ತದೆ, ಹೊದಿಕೆ ನಾಲ್ಕು ಮಡಿಕೆಯಾಗಿ ಕಾಲ್ದೆಸೆಯಲ್ಲಿ ಕೂತಿರುತ್ತದೆ, ಮೂಲೆಗೆ ಮೂಲೆ ಕೂಡಿ, ಇವಳೇ ಮಡಚಿದ ಹಾಗೆ. ಬೆಳಗ್ಗೆ ಏಳೂವರೆಗೆ ಬಸ್ಸಿನಲ್ಲಿ ಮೊಬೈಲು ತೆರೆದು ನೋಡಿದಾಗ ಛತ್ರದ ಕಿಟಕಿ ಪಕ್ಕದ ಮೂರನೆಯ ಹಾಸಿಗೆಯಲ್ಲಿ ಅಕ್ಕ ಮಲಗಿದ್ದಳು, ಗುರಾಣಿ ಗೋಡೆಗೆ ಒರಗಿಸಿ, ಏರುತ್ತ, ಇಳಿಯುತ್ತ.

ಗುರಾಣಿ! ಹಲ್ಲಿ ಕಂಡರೆ ಕುರ್ಚಿ ಹತ್ತುವ ಅಕ್ಕ, ಲೈಬ್ರರಿಯಲ್ಲಿ ಪುಸ್ತಕಕ್ಕೆ ಮೊಹರು ಒತ್ತುವಾಗಲೂ ಸದ್ದಾದೀತೆಂದು ಹೆದರುವ ಅಕ್ಕ, ಅಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ಬಂದ ಪೆಟ್ಟನ್ನೆಲ್ಲ ತಾನೇ ತಿನ್ನುತ್ತಿದ್ದಳು, ಹಿಂದೆ ಗಾಯದ ಮದ್ದಿನ ಚೀಲ ಹೊತ್ತ ಇವಳು, ಕುಳ್ಳಿ ಇದ್ದೀಯೇನೇ, ಇದ್ದೀನಿ ನಡಿಯೇ, ಇನ್ನೊಂದ್ ಪೆಟ್ಟು ತಡ್ಕೊಂಡೇನಾ, ಎರಡು ತಡ್ಕೊ, ನಾನಿದ್ದೀನಲ್ಲ. ಪಾತ್ರ ಆರಿಸಿಕೊಳ್ಳಿ ಎಂದರೆ ಜನ ತಮ್ಮಲ್ಲಿ ಇಲ್ಲದ್ದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಎಲ್ಲರ ಲೆಕ್ಕ, ಇವಳು ಒಪ್ಪುವುದಿಲ್ಲ, ಇರುವುದನ್ನೇ ಆರಿಸಿಕೊಳ್ಳುತ್ತಾರೆ, ಮನೆಯಲ್ಲಿ ಅದನ್ನು ತೆಗೆದು ತೋರಿಸಲು ಜಾಗ ಇರುವುದಿಲ್ಲ ಅಷ್ಟೆ. ರೇಡಿಯೋ ಬಾಯಲ್ಲಿ ಮತ್ತೆ ಅದೇ ಸುದ್ದಿ, ನನ್ನ ಮಗಳು ಎರಡೇ ವಾರಕ್ಕೆ ಎಂಬತ್ತನೇ ಲೆವೆಲ್ಲು, ನೀನು ನಾಲ್ಕು ವರ್ಷದಿಂದ ಮೂವತ್ತೊಂದು, ಬೇರು ಬಿಟ್ಟಿದ್ದೀಯಾ ಅಲ್ಲಿ, ಹೂಂ ಕಣೇ, ಚಿಗುರಿದ್ದೀನಿ ಕೂಡ. ಮೂವತ್ತೊಂದು ಸಾಕು, ದಿನಕ್ಕೆ ಅರ್ಧ ಗಂಟೆ ಸಾಕು, ಕೆರೆ ದಂಡೆಯಲ್ಲಿ ನಿಂತು ನೀರು ನೋಡಿದರೂ ಅದು ಆಟವೇ, ಅಲ್ಲಿ ಮೊದಲು ಸೇರಿದ್ದ ಗುಂಪಿನ ಗಡ್ಡದ ನಾಯಕ ಒಂದು ಸಲ ಬರೆದಿದ್ದ, ದಿನಕ್ಕೆ ನಾಲ್ಕು ಗಂಟೆ ಆಡದವರಿಗೆ ಇಲ್ಲಿ ಜಾಗವಿಲ್ಲ, ಸರಿ ಅಣ್ಣ, ಜಾಗ ನೀವೇ ಇಟ್ಕೊಳ್ಳಿ, ನಂಗೆ ದಾರಿ ಸಾಕು ಎಂದು ಬರೆದು ಹೊರಬಂದಿದ್ದಳು, ಆಮೇಲೆ ಅದೇ ನಾಯಕ ಮದ್ದಿಲ್ಲದೆ ಸೇತುವೆ ಮೇಲೆ ಬಿದ್ದಿದ್ದಾಗ ಎಬ್ಬಿಸಿದವಳೂ ಇವಳೇ. ಯಾರು ಬೀಳುತ್ತಾರೆ ಎಂದು ಅವರು ನಿಂತ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತದೆ, ಬೀಳುವ ಮುಂಚೆಯೇ ಮದ್ದು ಎಸೆದಿರುತ್ತಾಳೆ, ನಾಲ್ಕು ವರ್ಷದಲ್ಲಿ ಅವಳ ಕಣ್ಣೆದುರು ಸತ್ತವರು ಇಲ್ಲ, ಒಬ್ಬರೂ ಇಲ್ಲ, ಅಲ್ಲಿ.

ಅಲ್ಲಿ. ಇಲ್ಲಿ ಆಸ್ಪತ್ರೆಯ ಕಾರಿಡಾರು, ಹಸಿರು ಬಣ್ಣದ ಬೆಂಚು, ಒಂದು ಕಾಲು ಗಿಡ್ಡವಾಗಿ ಇಬ್ಬರು ಕೂತರೆ ಮಾತ್ರ ಅಲುಗಾಡದ ಬೆಂಚು, ಒಳಗೆ ಅಮ್ಮ ನಿದ್ದೆ ಹೋಗಿದ್ದಾರೆ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದಳು ನರ್ಸು, ಹನ್ನೊಂದು ದಿನದಿಂದ ಅಕ್ಕ ತಂಗಿ ಇಬ್ಬರೂ ನಕ್ಕಿರಲಿಲ್ಲ, ಹತ್ತು ನಿಮಿಷ ಆಡೋಣ್ವೇನೇ ಎಂದವಳು ಅಕ್ಕ, ಅಲ್ಲ, ಇವಳೇ, ಇವಳೇ ಎಂದದ್ದು, ಇಬ್ಬರೂ ಮೊಬೈಲು ತೆಗೆದರು, ಅಕ್ಕ ಗುರಾಣಿ ಸಮೇತ ಜವುಗಿನಲ್ಲಿ ಹೂತುಹೋಗಿ ತಲೆ ಮಾತ್ರ ಕಾಣುತ್ತಿತ್ತು, ಎಳೆಯೇ ಕುಳ್ಳಿ, ಎಳೀತಿದ್ದೀನಿ ಕಣೇ, ನೀನು ಹಾಡು ಬೇರೆ ಹೇಳ್ತಿದ್ದೀಯಲ್ಲ, ಬಾಯಿ ಮುಚ್ಚಿಕೊಂಡು ನಕ್ಕರು, ಬೆಂಚು ಅಲುಗಿತು, ನರ್ಸು ಬಾಗಿಲಲ್ಲಿ ನಿಂತಿದ್ದಳು. ಇವಳು ಮೊಬೈಲು ಬೆಂಚಿನ ಮೇಲೆ ಬಿಸಾಡಿ ಒಳಗೆ ಓಡಿದಳು, ಅಷ್ಟರಲ್ಲೇ ಅಮ್ಮನ ಹೊದಿಕೆ ತೆಗೆದು ಬಿಳಿ ಬಟ್ಟೆ ಹೊದಿಸಿದ್ದರು, ಹೊದಿಕೆ ಕಾಲ್ದೆಸೆಯಲ್ಲಿ, ನಾಲ್ಕು ಮಡಿಕೆ, ಮೂಲೆಗೆ ಮೂಲೆ. ತಿರುಗಿ ನೋಡಿದರೆ ಅಕ್ಕ ಇನ್ನೂ ಬೆಂಚಿನಲ್ಲೇ, ತಲೆ ತಗ್ಗಿಸಿ, ಹೆಬ್ಬೆರಳು ಆಡಿಸುತ್ತ, ಜವುಗಿನಿಂದ ಮೇಲೆದ್ದು ಊರ ಬಾಗಿಲು ದಾಟಿ ಮೆಟ್ಟಿಲು ಹತ್ತಿ — ಮಲಗಿಸಿ ಬರ್ತೀನಿ ಇರು, ಮಲಗಿಸಿ ಬರ್ತೀನಿ. ಆಗ ಇವಳ ಬಾಯಿಂದ ಬಂದದ್ದು, ಅಮ್ಮನಿಗಿಂತ ಆ ಗೊಂಬೆ ಮಲಗೋದೇ ಹೆಚ್ಚಾಯ್ತೇನೇ ನಿನಗೆ. ಇಡೀ ಕಾರಿಡಾರಿಗೆ ಕೇಳಿಸಿತು. ಅಕ್ಕ ಮಾತು ಬಿಟ್ಟಿಲ್ಲ, ಬಿಟ್ಟಿದ್ದರೆ ಚೆನ್ನಾಗಿತ್ತು, ದಿನವೂ ಫೋನಿನಲ್ಲಿ, ಊಟ ಆಯ್ತಾ, ಆಯ್ತು, ನಿಂದು, ಆಯ್ತು, ಬಸ್ಸು ಸಿಕ್ತಾ, ಸಿಕ್ತು. ಕುಳ್ಳಿ ಎಂದು ಕರೆದು ಸಾವಿರ ದಿನ. ಅಕ್ಕ ಆಟ ಮತ್ತೆ ಮುಟ್ಟಲಿಲ್ಲ. ಕೈ, ಕೈ ಏನಾದರೂ ಮಾಡುತ್ತಿರಬೇಕು ಅಂಥ ಹೊತ್ತಿನಲ್ಲಿ, ಇದು ಇವಳಿಗೆ ತಿಳಿಯಲು ಎಷ್ಟು ದಿನ ಬೇಕಾಯಿತು, ಮರುವಾರ ಕೆಲಸಕ್ಕೆ ಬಂದು ಐನೂರು ಹಾಸುಬಟ್ಟೆ ಮಡಚಿದ ಮೇಲೆ, ಇನ್ನೂ ಕೊಡಿ ಎಂದು ಕೇಳಿದ ಮೇಲೆ ತಿಳಿಯಿತು, ತಿಳಿದದ್ದನ್ನು ಹೇಳಲು ಹೋದಾಗಲೆಲ್ಲ ಬಾಯಿಗೆ ಬಂದದ್ದು ಊಟ ಆಯ್ತಾ.

ನಿನ್ನೆ ಸಂಜೆ ಫೋನಿನಲ್ಲಿ ಹೇಳಿಬಿಟ್ಟಳು. ಅಕ್ಕ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಸಾವಿರ ದಿನ ಆಗುತ್ತೆ, ಗೊತ್ತು, ಅಮ್ಮಂದು, ಅಮ್ಮಂದೂ ಹೌದು, ನಿಂದೂನೂ, ಎಬ್ಬಿಸದೇ ಇದ್ರೆ ಅಳಿಸಿಬಿಡ್ತಾರೆ. ಅವತ್ತು ನೀನು ಮಲಗಿಸಿ ಬಂದಿದ್ದು ಸರಿ ಇತ್ತು ಅಕ್ಕ, ನಾನು ಆಡಿದ ಮಾತು ತಪ್ಪು. ಆ ಕಡೆ ದೂರದಲ್ಲಿ ನಲ್ಲಿ ನೀರು ಬೀಳುವ ಸದ್ದು, ಬಕೆಟ್ಟು ತುಂಬಿ ಹೊರಗೆ ಚೆಲ್ಲುವ ಸದ್ದು, ಅಕ್ಕ ನಲ್ಲಿ ನಿಲ್ಲಿಸಲಿಲ್ಲ, ಅಷ್ಟು ಹೊತ್ತು ನಿಲ್ಲಿಸಲಿಲ್ಲ, ಆಮೇಲೆ, ಪಾಸ್‌ವರ್ಡೇ ಮರೆತುಹೋಗಿದೆ ನಂಗೆ, ಇಡ್ತೀನಿ. ಇಟ್ಟಳು. ಮರೆತಿರುವುದು ಸುಳ್ಳು, ಇವಳಿಗೆ ಗೊತ್ತು, ಅಕ್ಕ ಎಲ್ಲ ಕಡೆಗೂ ಇಡುವುದು ಒಂದೇ ಪಾಸ್‌ವರ್ಡು, ಇವಳು ಹುಟ್ಟಿದ ತಾರೀಕು. ಅದಕ್ಕೇ ಗಾಬರಿಯಿಲ್ಲ. ತಾನೇ ಒಳಹೋಗಿ ಎಬ್ಬಿಸಬಹುದಿತ್ತು, ಬಸ್ಸಿನಲ್ಲಿ ಒಂದು ಕ್ಷಣ ಬೆರಳು ಆ ಕಡೆ ಹೋಗಿತ್ತು ಕೂಡ, ಇಲ್ಲ, ಇದಕ್ಕೆ ಇವಳ ಚೀಲದಲ್ಲಿ ಮದ್ದಿಲ್ಲ, ಅಕ್ಕನೇ ಏಳಬೇಕು.

ಬೆಲ್ಲು. ರೋಲರು ನಿಟ್ಟುಸಿರುಬಿಟ್ಟು ನಿಂತಿತು, ಡಬ್ಬಿ ತರ್ತೀಯೇನೇ, ನೀನು ಹೋಗಿರು, ಲಾಕರಿನ ಬೀಗ, ಬೆವರಿದ ಬೆರಳನ್ನು ಮೊಬೈಲು ಗುರುತಿಸುತ್ತಿಲ್ಲ, ಸೀರೆಗೆ ಒರೆಸಿ ಇನ್ನೊಮ್ಮೆ, ಬಂತು, ಆಟದಲ್ಲಿ ಇವಳ ಮದ್ದಿನವಳು ತನ್ನ ಹಾಸಿಗೆಯಿಂದ ಎದ್ದಳು, ಕೆಳಗಿನ ಕೋಣೆ, ಮೆಟ್ಟಿಲು, ಅವಸರವೇನಿಲ್ಲ, ಯಾವಾಗಲೂ ನಡೆಯುವ ಹಾಗೇ ನಡೆದರಾಯಿತು, ಎಂಟು ಮೆಟ್ಟಿಲು, ಚಿಕ್ಕಂದಿನಲ್ಲಿ ಒಂದೇ ಕೋಣೆ ಇಬ್ಬರಿಗೂ, ಬೆಳಗ್ಗೆ ಅಕ್ಕ ಎದ್ದು ಹೋದ ಜಾಗದಲ್ಲಿ ಹೊದಿಕೆ ಅರ್ಧ ಮಂಚದ ಮೇಲೆ ಅರ್ಧ ನೆಲದಲ್ಲಿ, ಅಮ್ಮಾ ನೋಡಮ್ಮಾ ಇವತ್ತೂ ಮಡಚಿಲ್ಲ, ಮಡಚೇ ಕುಳ್ಳಿ, ನಿಂಗೆ ಬರುತ್ತಲ್ಲ, ನಂಗೆ ಬರಲ್ಲ, ಬಾಗಿಲು, ಒಂದನೆಯ ಹಾಸಿಗೆಯಲ್ಲಿ ಯಾರೋ ಬಿಲ್ಲುಗಾರ, ಎರಡನೆಯದು ಖಾಲಿ, ಮೂರನೆಯದು — ಗೋಡೆಗೆ ಒರಗಿದ್ದ ಗುರಾಣಿ ಇಲ್ಲ, ಅಕ್ಕ ಇಲ್ಲ, ದಿಂಬಿನಲ್ಲಿ ಗುಳಿ, ಹೊದಿಕೆ — ಒಂದು ತುದಿ ಮಂಚದ ಮೇಲೆ, ಇನ್ನೊಂದು ಜಾರಿ ನೆಲದಲ್ಲಿ, ಒಳಮೈ ಹೊರಗಾಗಿ, ಮೂಲೆಗೆ ಮೂಲೆ ಎಲ್ಲೂ ಕೂಡದೆ, ಒದ್ದು ಬಿಸಾಡಿದ ಹಾಗೆ. ಬಾರೇ, ಊಟ ಆರಿಹೋಗುತ್ತೆ, ಬಂದೆ. ತೆರೆಯ ಕೆಳಗೆ ಬಟನ್ ಮೂಡಿದೆ, ಮಡಚು, ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗಿದೆ, ಮೇಲೆಯೇ ನಿಂತಿದೆ, ಒತ್ತುತ್ತಿಲ್ಲ, ಒತ್ತುವುದಿಲ್ಲ, ಹೊದಿಕೆ, ಒಂದು ತುದಿ ಮಂಚದ ಮೇಲೆ, ಒಂದು ತುದಿ ನೆಲದಲ್ಲಿ —