ಕಣ್ಣು ತಪ್ಪಿಸಿ ಹೋದ ಅಜ್ಜಿ

ಮಗುವನ್ನು ಮೊದಲ ಸಲ ಶಿಶುವಿಹಾರಕ್ಕೆ ಬಿಟ್ಟು ಬರುವುದು ಯಾವ ಊರಿನಲ್ಲೂ ಸುಲಭದ ಕೆಲಸವಲ್ಲ. ಬಾಗಿಲು ಕಂಡ ಕೂಡಲೇ ಮಗು ಕೈಗೆ ಜೋತುಬೀಳುತ್ತದೆ, ಊರೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಆಗ ಬುದ್ಧಿ ಹೇಳುವವರಿಗೇನು ಬರವೇ? "ಅದರ ಗಮನ ಬೇರೆ ಕಡೆ ತಿರುಗಿಸಿ, ಮೆಲ್ಲಗೆ ಜಾರಿಕೊಳ್ಳಿ" ಅನ್ನುತ್ತಾರೆ. ಶೆಟ್‌ಲ್ಯಾಂಡ್ ಎಂಬ ಉತ್ತರ ಕಡಲಿನ ದ್ವೀಪಗಳಲ್ಲಿ, ಗ್ರುಟ್‌ವಿಕ್ ಎಂಬ ಮೀನುಗಾರರ ಊರಿನಲ್ಲಿ ಜೆಮೀಮಾ ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸದ್ದಿಲ್ಲದೆ ಹೊರಟುಹೋಗುವುದು ಆ ಊರಿನವರಿಗೆ ಹುಟ್ಟಿನಿಂದ ಬಂದ ವಿದ್ಯೆ.

ಯಾಕೆಂದರೆ, ಅಲ್ಲಿ ಕಡಲಿಗೆ ಹೋಗುವವರಿಗೆ ಯಾರೂ ವಿದಾಯ ಹೇಳುವುದಿಲ್ಲ. ಹೇಳಿದರೆ ಅಪಶಕುನ. ದೋಣಿಯವರೆಗೆ ಹೋಗಿ ಕೈ ಬೀಸಬಾರದು, ಹೊರಟವರನ್ನು ಹಿಂದಿನಿಂದ ಕೂಗಬಾರದು, ಅವರೂ ತಿರುಗಿ ನೋಡಬಾರದು. ಗಂಡಸರು ಚಹಾ ಕುಡಿದು ಲೋಟ ಇಟ್ಟು, ಹಿತ್ತಲಿಗೆ ಹೋಗುವವರ ಹಾಗೆ ಹೊರಟುಬಿಡುತ್ತಾರೆ. ನಗಬೇಡಿ. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸು ಬಂದು ನೀರು ಕುಡಿದು ಹೋಗುವವರು ಇನ್ನೂ ಇದ್ದಾರೆ.

ಜೆಮೀಮಾಳ ಮಗ ಲೌರಿ ಬಂಗಡೆ ಹಿಡಿಯುವ ದೊಡ್ಡ ದೋಣಿಯಲ್ಲಿ ಕೆಲಸಕ್ಕಿದ್ದ. ಸೊಸೆ ರೋನಾಳಿಗೆ ಮೀನು ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಹಾಗಾಗಿ ಮೂರು ವರ್ಷದ ಮೊಮ್ಮಗಳು ಓಸ್ಲಾಳನ್ನು ಶಿಶುವಿಹಾರಕ್ಕೆ ಬಿಡುವುದು, ಕರೆತರುವುದು ಅಜ್ಜಿಯ ಪಾಲಿಗೆ ಬಂತು. ಊರಿನ ಪ್ರಾಥಮಿಕ ಶಾಲೆಯ ಕಟ್ಟಡದಲ್ಲೇ ಒಂದು ಬದಿಗೆ ಶಿಶುವಿಹಾರ. ಅದನ್ನು ನೋಡಿಕೊಳ್ಳುವವಳು ವಿಲ್ಮಾ ಟೀಚರ್. ಅವಳೂ ಅದೇ ಊರಿನ ಮೀನುಗಾರರ ಮನೆಯವಳು, ಜೆಮೀಮಾಳ ಕಣ್ಣೆದುರೇ ಬೆಳೆದವಳು.

ಆಗಸ್ಟ್‌ನಲ್ಲಿ ಶಾಲೆ ಶುರುವಾದ ದಿನ ಒಳಗೆ ಒಂದು ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ ಆಟದ ದೋಣಿಗಳನ್ನು ಬಿಟ್ಟಿದ್ದರು. "ಅಲ್ನೋಡೇ ಪುಟ್ಟಿ, ಅಪ್ಪನ ದೋಣಿ!" ಎಂದಳು ಅಜ್ಜಿ. ಓಸ್ಲಾ ತಿರುಗಿ ನೋಡಿದಳು. ಅಷ್ಟೇ, ಅಜ್ಜಿ ಮಾಯ.

ಮಧ್ಯಾಹ್ನ ಕರೆದೊಯ್ಯಲು ಬಂದಾಗ ವಿಲ್ಮಾ ಬಾಗಿಲಲ್ಲೇ ಹಿಡಿದಳು.

"ಜೆಮೀಮಾ ಅತ್ತೆ, ನಾಳೆ ಹೇಳಿ ಹೋಗಿ. ನೀವು ಕಾಣ್ಲಿಲ್ಲ ಅಂತ ಮೇಜಿನ ಕೆಳಗೆಲ್ಲ ಹುಡುಕಿದ್ಲು ಪಾಪ."

"ಹೇಳಿದ್ರೆ ಅಳ್ತಾಳೆ ಕಣೇ."

"ಅಳ್ಲಿ. ನಾವಿರೋದು ಮತ್ಯಾಕೆ?"

"ನೀವಿರೋದು ಮಣ್ಣು ಕಲಸಿ ಆಡ್ಸೋಕೆ!" ಎಂದು ಅಜ್ಜಿ ನಕ್ಕಳು. "ಮೂರು ಹೊತ್ತೂ ಮಣ್ಣು, ನೀರು, ಎರೆಹುಳ. ಇಷ್ಟಕ್ಕೆ ಟೀಚರು, ಕಟ್ಟಡ ಎಲ್ಲ ಬೇಕಾ? ನಮ್ಮ ಅಂಗಳದಲ್ಲಿ ಇದಕ್ಕಿಂತ ಒಳ್ಳೆ ಮಣ್ಣಿದೆ."

ಮರುದಿನದಿಂದ ಅಜ್ಜಿಗೆ ಇದೊಂದು ಹೊಸ ಕಸುಬೇ ಆಯಿತು. ಒಂದು ದಿನ ಕೋಳಿ ತೋರಿಸಿದಳು, ಒಂದು ದಿನ ಬಣ್ಣದ ಬಟ್ಟಲು, ಇನ್ನೊಂದು ದಿನ ರೊಟ್ಟಿಯ ಹಿಟ್ಟು. ಮಗು ಅತ್ತ ತಿರುಗುವುದು, ಅಜ್ಜಿ ಇತ್ತ ಜಾರುವುದು. "ಒಂದು ತೊಟ್ಟು ಕಣ್ಣೀರು ಬರಿಸ್ದೆ ಬಿಟ್ಟು ಬರ್ತೀನಿ" ಎಂದು ಅಂಗಡಿಯಲ್ಲಿ ನಿಂತು ಜಂಬ ಬೇರೆ.

ಕಣ್ಣೀರು ಬರಲಿಲ್ಲ, ನಿಜ. ಅದರ ಬದಲು ಬೇರೆ ಏನೇನೋ ಬಂತು. ಮನೆಯಲ್ಲಿ ಅಜ್ಜಿ ಬಚ್ಚಲಿಗೆ ಹೋದರೂ ಓಸ್ಲಾ ಬಾಗಿಲು ಬಡಿಯತೊಡಗಿದಳು. ಅಜ್ಜಿ ಕೋಟು ಮುಟ್ಟಿದರೆ ಸಾಕು, ಓಡಿ ಬಂದು ಕಾಲು ತಬ್ಬಿಕೊಳ್ಳುವಳು. ಮೊದಲು ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ, ಶಿಶುವಿಹಾರದಲ್ಲಿ ಏನು ಮಾಡಿದೆ ಎಂದು ಕೇಳಿದರೆ "ಏನಿಲ್ಲ" ಅನ್ನುವಳು.

ಸೆಪ್ಟೆಂಬರಿನ ಒಂದು ದಿನ ವಿಲ್ಮಾ ಅಜ್ಜಿಯನ್ನು ಬೇಗ ಬರಹೇಳಿದಳು. ಒಳಗೆ ಕರೆಯಲಿಲ್ಲ. ಹೊರಗಿನ ಗಾಜಿನ ಕಿಟಕಿಯ ಹತ್ತಿರ ನಿಲ್ಲಿಸಿ, "ಸುಮ್ನೆ ನೋಡಿ ಅತ್ತೆ" ಎಂದಳು.

ಅಜ್ಜಿ ನೋಡಿದಳು. ಮೇಜಿನ ಸುತ್ತ ಮಕ್ಕಳು ಬಟ್ಟಲಿನಲ್ಲಿ ಹಿಟ್ಟು ಅಳೆದು ಹಾಕುತ್ತಿದ್ದರು. ಇನ್ನೂ ಒಂದು ಬೇಕು, ಬೇಡ, ಜಾಸ್ತಿ ಆಯ್ತು ಎಂದು ದೊಡ್ಡ ಪಂಚಾಯಿತಿ. ಇನ್ನೊಂದು ಕಡೆ ಒಂದನೇ ಕ್ಲಾಸಿನ ಮಕ್ಕಳು ಬಂದು, ಕಡಲದಂಡೆಯಿಂದ ತಂದ ಚಿಪ್ಪುಗಳನ್ನು ಸಾಲಾಗಿ ಇಟ್ಟು ಚಿಕ್ಕವರಿಗೆ ಎಣಿಸಲು ಕಲಿಸುತ್ತಿದ್ದರು. ಮೂಲೆಯಲ್ಲಿ ದೊಡ್ಡ ಹುಡುಗಿಯೊಬ್ಬಳು ಇಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಕಥೆ ಓದುತ್ತಿದ್ದಳು. ಎಲ್ಲರ ಕೋಟುಗಳೂ ಗೂಟಕ್ಕೆ ನೇತುಬಿದ್ದಿದ್ದವು. ಒಂದು ಗೂಟ ಮಾತ್ರ ಖಾಲಿ.

ಓಸ್ಲಾ ಕೋಟು ಹಾಕಿಕೊಂಡೇ ಬೆಂಚಿನ ಮೇಲೆ ಕೂತಿದ್ದಳು. ಮುಖ ಬಾಗಿಲ ಕಡೆಗೆ. ಒಬ್ಬ ಪುಟ್ಟ ಹುಡುಗ ಅಂಗೈ ಮೇಲೆ ಎರೆಹುಳ ಇಟ್ಟುಕೊಂಡು ಬಂದು ತೋರಿಸಿದ. ಓಸ್ಲಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಅವಳ ಕಣ್ಣಿಗೇನಾದ್ರೂ ಆಗಿದ್ಯೇನೇ?" ಅಜ್ಜಿ ಗಾಬರಿಯಾದಳು.

"ಕಣ್ಣು ಚೆನ್ನಾಗಿದೆ. ನಾನೂ ಕೇಳ್ದೆ, ಯಾಕೆ ನೋಡಲ್ಲ ಅಂತ. ಏನಂದ್ಲು ಗೊತ್ತಾ? 'ನಾನು ನೋಡಿದ್ರೆ ಅಜ್ಜಿ ಹೋಗ್ಬಿಡ್ತಾಳೆ.'"

ಜೆಮೀಮಾ ಗಾಜಿಗೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿದಳು.

"ಮಗು ಮೈಮರೆತು ಆಡ್ದಾಗ್ಲೇ ಕಲಿಯೋದು ಅತ್ತೆ" ಎಂದಳು ವಿಲ್ಮಾ. "ಹಿಟ್ಟು ಅಳೆಯೋದು ಲೆಕ್ಕ. ನಂಗೂ ಕೊಡು ಅಂತ ಜಗಳ ಆಡೋದು ಮಾತು ಕಲಿಯೋದು. ಕಥೆ ಕೇಳೋದು ನಾಳೆ ಓದೋಕೆ ದಾರಿ. ಇವ್ಳಿಗೆ ಮೈಮರೆಯೋದೇ ಭಯ. ನಾವು ಏನು ತೋರಿಸಿದ್ರೂ, ಯಾರೋ ಬಿಟ್ಟು ಓಡೋಕೆ ತೋರಿಸ್ತಿದಾರೆ ಅನ್ಸುತ್ತೆ. ಇಷ್ಟು ದಿನಕ್ಕೆ ಉಳಿದವ್ರೆಲ್ಲ ಸ್ನೇಹ ಮಾಡ್ಕೊಂಡ್ರು, ಹಾಡು ಕಲಿತ್ರು. ಇವ್ಳು ಬಾಗ್ಲು ಕಾಯ್ತಿದಾಳೆ."

ತಪ್ಪು ತನ್ನದೆಂದು ಗೊತ್ತಾದಾಗ ಮನುಷ್ಯರಿಗೆ ಮೊದಲು ಬರುವುದು ಸಿಟ್ಟು. ಜೆಮೀಮಾಳಿಗೂ ಬಂತು.

"ನಮ್ಮ ಮನೆತನದಲ್ಲಿ ಹೊಸ್ತಿಲಲ್ಲಿ ನಿಂತು ಹೋಗ್ತೀನಿ ಅಂದವ್ರು ಯಾರೂ ಇಲ್ಲ. ನೀನೂ ಮೀನುಗಾರರ ಮಗಳೇ ತಾನೆ? ಓದಿದ್ದು ಜಾಸ್ತಿ ಆಗಿ ಮರ್ತುಹೋಯ್ತಾ?"

"ಮರ್ತಿಲ್ಲ. ಆದ್ರೆ ನೀವು ಹೋಗೋದು ಕಡಲಿಗಲ್ವಲ್ಲ ಅತ್ತೆ, ಹಾಲು ತರೋಕೆ ಅಂಗಡಿಗೆ!"

ಅಜ್ಜಿ ಮುಖ ಊದಿಸಿಕೊಂಡು ಮಗುವನ್ನು ಕರೆದುಕೊಂಡು ಹೊರಟಳು.

ಲೌರಿ ಆ ವಾರ ಮನೆಯಲ್ಲಿದ್ದ. ಸಂಜೆ ಕುರಿಮಾಂಸ, ಆಲೂಗಡ್ಡೆ ಹಾಕಿದ ಸಾರು ಬಡಿಸುತ್ತ ಜೆಮೀಮಾ ವಿಲ್ಮಾಳ ಮೇಲೆ ಚಾಡಿ ಹೇಳಿದಳು. ಮಗ ತನ್ನ ಕಡೆ ನಿಲ್ಲುತ್ತಾನೆ ಎಂದೇ ಅವಳ ನಂಬಿಕೆ. ಲೌರಿ ಚಮಚ ಕೆಳಗಿಟ್ಟ.

"ಅಮ್ಮ, ಅಪ್ಪ ಕೊನೇ ಸಲ ಹೋದ ದಿನ ನಾನು ಎದ್ದು ಅಪ್ಪ ಎಲ್ಲಿ ಅಂತ ಕೇಳ್ದೆ. ನೀನು ಏನಂದೆ, ನೆನಪಿದ್ಯಾ?"

ಜೆಮೀಮಾಳಿಗೆ ನೆನಪಿತ್ತು. ಲೌರಿಗೆ ಆಗ ಐದು ವರ್ಷ. ಏಳುತ್ತಲೇ ರಗಳೆ ಮಾಡಬಾರದು ಎಂದು, "ಒಲೆಗೆ ಉರಿಸೋ ಪೀಟ್ ಮಣ್ಣಿನ ಹೆಂಟೆ ತರೋಕೆ ಗುಡ್ಡಕ್ಕೆ ಹೋಗಿದಾರೆ" ಎಂದಿದ್ದಳು. ಆ ದಿನ ಮಧ್ಯಾಹ್ನ ಬಿರುಗಾಳಿ ಎದ್ದಿತು. ದೋಣಿ ಬರಲೇ ಇಲ್ಲ.

"ಮನೆ ತುಂಬ ಜನ ಬಂದ್ರು" ಎಂದ ಲೌರಿ. "ಎಲ್ರೂ ಕಡಲ ಕಡೆ ಕಿಟಕೀಲಿ ನಿಂತು ನೋಡ್ತಿದ್ರು. ನಾನೊಬ್ಬ ಹಿಂದಿನ ಕಿಟಕೀಲಿ ಗುಡ್ಡ ನೋಡ್ತಾ ಕೂತಿದ್ದೆ. ಇವ್ರಿಗೆಲ್ಲ ಬುದ್ಧಿ ಇಲ್ಲ, ಅಪ್ಪ ಈ ಕಡೆಯಿಂದ ಬರ್ತಾರೆ ಅಂತ. ಆಮೇಲೆ ನೀನು ನಿಜ ಹೇಳ್ದೆ. ನಂಗೆ ನಂಬೋಕಾಗ್ಲಿಲ್ಲಮ್ಮ. ಮೊದ್ಲು ಹೇಳಿದ್ದು ಸುಳ್ಳು ಅಂದ್ರೆ ಇದೂ ಸುಳ್ಳಿರ್ಬೋದಲ್ಲ? ದೊಡ್ಡೋನಾದ್ಮೇಲೂ ಗುಡ್ಡದ ಮೇಲೆ ಯಾರಾದ್ರೂ ಇಳಿದು ಬಂದ್ರೆ ಎದೆ ಹೊಡ್ಕೊಳ್ಳೋದು."

"ನಿಂಗೆ ನೋವಾಗ್ಬಾರ್ದು ಅಂತ ಕಣೋ..."

"ಗೊತ್ತಮ್ಮ. ಓಸ್ಲಾಗೂ ನೋವಾಗ್ಬಾರ್ದು ಅಂತಾನೇ ನೀನು ಮಾಡಿದ್ದು."

ರೋನಾ ಎದ್ದು ಅತ್ತೆಯ ಹೆಗಲ ಮೇಲೆ ಕೈ ಇಟ್ಟಳು. ಆ ಬೆಳಿಗ್ಗೆ ಜೆಮೀಮಾ ಒಲೆಯ ಮುಂದೆ ರೊಟ್ಟಿ ಮಗುಚುತ್ತ, ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದಳು. ಗಂಡ ಬಾಗಿಲು ಎಳೆದುಕೊಂಡದ್ದು ಕೇಳಿಸಿತ್ತು. ಒಂದು ಮಾತು ಆಡಿರಲಿಲ್ಲ, ತಿರುಗಿ ನೋಡಿರಲಿಲ್ಲ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆದರೂ ಕಡಲು ಬಿಡಲಿಲ್ಲವಲ್ಲ! ಇಷ್ಟು ವರ್ಷ ಅವಳು ಈ ಮಾತನ್ನು ತನ್ನ ಮನಸ್ಸಿಗೂ ಹೇಳಿಕೊಂಡಿರಲಿಲ್ಲ. ಗಂಡನ ಕೊನೆಯ ಮುಖ ಅವಳಿಗೆ ಗೊತ್ತಿರಲಿಲ್ಲ. ಹುಡುಗನೂ ಅಪ್ಪನಿಗಾಗಿ ತಪ್ಪು ಕಿಟಕಿಯಲ್ಲಿ ಕಾದ. ಈಗ ಮೊಮ್ಮಗಳ ಸರದಿ ಬಂದಿತ್ತು.

ಮರುದಿನ ಬೆಳಿಗ್ಗೆ ಶಿಶುವಿಹಾರದ ಬಾಗಿಲಲ್ಲಿ ಜೆಮೀಮಾ ಮಂಡಿಯೂರಿ ಕೂತಳು. ಏನನ್ನೂ ತೋರಿಸಲಿಲ್ಲ.

"ಪುಟ್ಟಿ, ಅಜ್ಜಿ ಈಗ ಹೋಗ್ತಾಳೆ. ನೀವು ಊಟ ಮಾಡ್ತೀರಲ್ಲ, ಆಮೇಲೆ ಹಾಡು ಹೇಳ್ತೀರಲ್ಲ, ಹಾಡು ಮುಗಿಯೋ ಹೊತ್ತಿಗೆ ಬಂದು ಕರ್ಕೊಂಡು ಹೋಗ್ತೀನಿ."

ಓಸ್ಲಾ ಕಿರುಚಿದಳು ನೋಡಿ, ಅಬ್ಬಾ! ಶಾಲೆಯ ಮಕ್ಕಳೆಲ್ಲ ಕಿಟಕಿಗೆ ಬಂದರು.

"ನೋಡ್ದೆಯಾ? ನಾನು ಹೇಳ್ಲಿಲ್ವಾ?" ಎಂದಳು ಅಜ್ಜಿ ವಿಲ್ಮಾಳಿಗೆ.

ವಿಲ್ಮಾ ಮಗುವನ್ನು ಎತ್ತಿಕೊಂಡಳು. "ಅಳೋಕೆ ಅವ್ಳಿಗೆ ಹಕ್ಕಿದೆ ಅತ್ತೆ. ಇಷ್ಟು ದಿನದ್ದು ಸೇರಿಸಿ ಅಳ್ತಿದಾಳೆ. ಹೊರಡಿ, ಹಿಂದೆ ಮುಂದೆ ಮಾಡ್ಬೇಡಿ. ಹೇಳಿದ ಹೊತ್ತಿಗೆ ಮಾತ್ರ ಬಂದ್ಬಿಡಿ."

ಜೆಮೀಮಾ ಗೇಟಿನ ಹೊರಗೆ ಕಲ್ಲುಗೋಡೆಗೆ ಒರಗಿ ತಾನೂ ಅತ್ತಳು. ಹಾಡು ಮುಗಿಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಓಸ್ಲಾ ಓಡಿ ಬರಲಿಲ್ಲ. ಬೆಂಚಿನ ಮೇಲಿಂದಲೇ ಅಜ್ಜಿಯನ್ನು ನೋಡಿದಳು, ನಂಬಬಹುದೋ ಬೇಡವೋ ಎಂಬಂತೆ.

ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಂಬಿಕೆ ಕೆಡಿಸುವುದು ಬೇಗ, ಕಟ್ಟುವುದು ತಡ. ಮರುವಾರ ಓಸ್ಲಾ ಕೋಟಿನ ಗುಂಡಿ ಬಿಚ್ಚಿದಳು. ಇನ್ನೂ ಕೆಲವು ದಿನಕ್ಕೆ ಕೋಟು ಗೂಟಕ್ಕೆ ಹೋಯಿತು. ಒಂದು ಬೆಳಿಗ್ಗೆ, ಬಾಗಿಲ ಮೇಲೆ ಒಂದು ಕಣ್ಣಿಟ್ಟುಕೊಂಡೇ, ಹಿಟ್ಟಿಗೆ ಕೈ ಹಾಕಿದಳಂತೆ. ವಿಲ್ಮಾ ಫೋನು ಮಾಡಿ ಹೇಳಿದಾಗ ಜೆಮೀಮಾ ಸಂತೋಷಪಟ್ಟಳು, ಹಾಗೆಯೇ ಮರುಗಿದಳು. ಬೇರೆ ಮಕ್ಕಳು ಮೊದಲ ವಾರವೇ ಮಾಡಿದ್ದು ಅದು. ಓಸ್ಲಾಳ ಆ ದಿನಗಳನ್ನು ಇನ್ನು ಯಾರು ತಂದುಕೊಡುತ್ತಾರೆ?

ಅಕ್ಟೋಬರಿನಲ್ಲಿ ಬಂಗಡೆ ಬಂತು. ಲೌರಿ ಹೊರಡುವ ಬೆಳಿಗ್ಗೆ ಎಂದಿನಂತೆ ಯಾರೂ ಮಾತಾಡಲಿಲ್ಲ. ಅವನು ಚಹಾ ಮುಗಿಸಿ ಏಳುವಷ್ಟರಲ್ಲಿ ಓಸ್ಲಾ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು.

"ಅಪ್ಪ, ದೋಣಿಗೆ ಹೋಗ್ತೀಯಾ?"

ಲೌರಿ ಅಮ್ಮನ ಮುಖ ನೋಡಿದ. ಆಮೇಲೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೌದು ಪುಟ್ಟಿ. ಮೀನು ಹಿಡಿಯೋಕೆ ಹೋಗ್ತೀನಿ. ಯಾವತ್ತು ಬರ್ತೀನಿ ಅಂತ ನಂಗೂ ಗೊತ್ತಿಲ್ಲ, ತುಂಬ ದಿನ ಆಗುತ್ತೆ. ನೀನು ಅಜ್ಜಿ ಹತ್ರ, ಅಮ್ಮನ ಹತ್ರ ಇರು."

ಓಸ್ಲಾ ಅಪ್ಪನ ಕುತ್ತಿಗೆ ತಬ್ಬಿ ಸ್ವಲ್ಪ ಅತ್ತಳು, ಬಿಟ್ಟಳು. ಲೌರಿ ಗೇಟು ದಾಟಿದ್ದ. ಅಷ್ಟರಲ್ಲಿ ಹೊಸ್ತಿಲ ಮೇಲೆ ನಿಂತು ಹುಡುಗಿ ಗಟ್ಟಿಯಾಗಿ ಕೂಗಿದಳು: "ಅಪ್ಪಾ, ಹೋಗಿ ಬಾ!"

ಜೆಮೀಮಾಳ ಜೀವ ಬಾಯಿಗೆ ಬಂತು. ಮಗುವಿನ ಬಾಯಿ ಮುಚ್ಚಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಲೌರಿ ತಿರುಗಿ ನೋಡಿದ. ನಗುತ್ತಿದ್ದ. ಮಗನ ಆ ಮುಖವನ್ನು ಅಜ್ಜಿ ಕಣ್ಣು ತುಂಬ ನೋಡಿದಳು.

"ಹೋಗಿ ಬಾರೋ ಮಗನೇ" ಎಂದಳು. ಮೊದಲ ಸಲ ದನಿ ಹೊರಡಲಿಲ್ಲ. ಎರಡನೇ ಸಲ ಹೇಳಿದಾಗ ಅವನಿಗೆ ಕೇಳಿಸಿತು.

ಎರಡು ವಾರದ ಮೇಲೆ ಲೌರಿ ಮೈಯೆಲ್ಲ ಮೀನು ನಾತ ಹೊತ್ತು, ದೋಣಿಯ ಅಡುಗೆಯವನಿಗೆ ಬೈಯುತ್ತ ಮನೆಗೆ ಬಂದ. ಊರಿನಲ್ಲಿ ಯಾರ ತಲೆಯ ಮೇಲೂ ಆಕಾಶ ಬೀಳಲಿಲ್ಲ. "ಒಂದು ಮಾತು ಕಣೇ ವಿಲ್ಮಾ, ಬರೀ ಒಂದು ಮಾತು" ಎಂದಳು ಜೆಮೀಮಾ ಶಾಲೆಯ ಗೇಟಿನಲ್ಲಿ. "ಆವತ್ತು ಲೌರಿಯ ಅಪ್ಪನಿಗೂ ಹೇಳಿ ಕಳಿಸ್ಬೋದಾಗಿತ್ತು."

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಅಂಗನವಾಡಿಯ ಬಾಗಿಲಲ್ಲಿ ನೀವೂ ಕಾಗೆ ತೋರಿಸಿ, ಗುಬ್ಬಿ ತೋರಿಸಿ ಜಾರಿಕೊಂಡವರೇ ಇರಬಹುದು. ಇನ್ನು ಹಾಗೆ ಮಾಡಬೇಡಿ. ಮಗುವಿಗೆ ಗಡಿಯಾರ ಗೊತ್ತಿಲ್ಲ, ಊಟ ಗೊತ್ತು, ಹಾಡು ಗೊತ್ತು. ಅದಕ್ಕೆ ತಿಳಿಯುವ ಹಾಗೆ ಯಾವಾಗ ಬರುತ್ತೀರಿ ಎಂದು ಹೇಳಿ, ಒಂದು ಸಲ ಅಪ್ಪಿಕೊಂಡು ಹೊರಡಿ. ಅತ್ತರೆ ಅಳಲಿ, ಟೀಚರ್ ಇದ್ದಾರೆ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ದೊಡ್ಡವರ ಮನೆಯಿಂದ ಏಳುವಾಗ "ಹೋಗಿ ಬರ್ತೀವಿ" ಎಂದು ಮರೆಯದೆ ಹೇಳುತ್ತೇವೆ. ನಮ್ಮನ್ನು ಬಿಟ್ಟರೆ ಬೇರೆ ಯಾರೂ ಗೊತ್ತಿಲ್ಲದ ಮಗುವಿಗೆ ಹೇಳದೆ ಹೋಗುತ್ತೇವೆ. ನಾಳೆ ಬೆಳಿಗ್ಗೆ ಅದಕ್ಕೂ ಹೇಳಿ.